ನನ್ನ ಅಂಗಿಯಲ್ಲಿ ಬಿಡಾರ ಹೂಡಿರುವ ರೋಗಾಣುಗಳಿಗೆ

ಮಾನ್ಯ ರೋಗಾಣು ಮಹಾಶಯರೇ,

ಹಳೆಯ ಬಟ್ಟೆ ರಿಪೇರಿ ಮಾಡುವ ದರ್ಜಿಯೊಬ್ಬನ ಸವಿನಯ ವಂದನೆಗಳು. ನನ್ನ ಅಂಗಿಯ ಕಾಲರು, ತೋಳು, ಜೇಬು, ಹೀಗೆ ಎಲ್ಲೆಲ್ಲಿ ತಾವು ಸಂಸಾರಸಮೇತ ನೆಲೆಸಿದ್ದೀರೋ ಅಲ್ಲೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಾನು ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ತಾವೇ ಕಾರಣವೆಂದು ಮುಖಕ್ಕೆ ಹೊಡೆದಂತೆ ಹೇಳಲು ಸಂಕೋಚವಾಗುವುದರಿಂದ ಈ ಬಹಿರಂಗ ಪತ್ರ.

ವಿಷಯ ಇಷ್ಟೇ. ನನ್ನ ಮಗಳಿಗೆ ಹೆಣ್ಣು ಮಗುವಾಗಿದೆ. ಅಂಗಡಿ ಕೆಳಗೆ, ಮನೆ ಮೇಲೆ. ಆದರೂ ಮೊಮ್ಮಗಳನ್ನು ನಾನು ಈವರೆಗೆ ಒಮ್ಮೆಯೂ ಎತ್ತಿಕೊಂಡಿಲ್ಲ. ನಮ್ಮ ಅಳಿಯಂದಿರು ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು; ಬಟ್ಟೆಯ ಮೇಲೆ ತಮ್ಮಂಥ ರೋಗಾಣುಗಳ ಆಯುಸ್ಸು ಎಷ್ಟೆಂಬುದನ್ನೂ ಎಲ್ಲೋ ಓದಿಬಿಟ್ಟರು. ಅಂದಿನಿಂದ ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಮಗಳು "ಅಪ್ಪಾ, ಅಲ್ಲೇ ನಿಂತ್ಕೋ. ಊರವರ ಬಟ್ಟೆಯೆಲ್ಲ ಮುಟ್ಟಿ ಬಂದಿದೀಯ, ಮೊದ್ಲು ಅಂಗಿ ತೆಗ್ದು ಬಿಸಿನೀರಿಗೆ ಹಾಕು" ಎನ್ನುತ್ತಾಳೆ. ಹಾಕುತ್ತೇನೆ. ಸ್ನಾನವನ್ನೂ ಮಾಡುತ್ತೇನೆ. ಬಿಸಿಲಲ್ಲಿ ಒಣಗಿದ ಬೇರೆ ಅಂಗಿ ತೊಟ್ಟು ಬರುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಮಲಗಿದ ಮಗುವನ್ನು ಎತ್ತಬಾರದೆಂಬುದನ್ನೂ ಅಳಿಯಂದಿರು ಓದಿಕೊಂಡಿದ್ದಾರೆ.

ತಮ್ಮ ಮೇಲೆ ನನಗೆ ಗೌರವವಿಲ್ಲವೆಂದಲ್ಲ. ಬಟ್ಟೆಗೆ ಹೀಗೆ ಅಂಟಿಕೊಂಡವರನ್ನು ಈ ಕಸುಬಿನಲ್ಲಿ ನಾನು ಕಂಡಿಲ್ಲ. ನಾನು ಹಾಕಿದ ಗುಂಡಿಗಳೇ ಅಷ್ಟು ದಿನ ನಿಲ್ಲುವುದಿಲ್ಲವೆಂದು ಗಿರಾಕಿಗಳು ದೂರುತ್ತಾರೆ. ಆದರೆ ಹೊರಡುವುದಕ್ಕೆ ಒಂದು ಹೊತ್ತು ಬೇಡವೇ? ತಮ್ಮಲ್ಲಿ ಕೆಲವರು ಗಂಟೆಗಳಲ್ಲೇ ಜಾಗ ಖಾಲಿ ಮಾಡುತ್ತಾರಂತೆ, ಕೆಲವರು ದಿನಗಟ್ಟಲೆ ಕೂರುತ್ತಾರಂತೆ, ಇನ್ನು ಕೆಲವರು ವಾರ, ತಿಂಗಳುಗಟ್ಟಲೆ ಜಪ್ಪಯ್ಯ ಅಂದರೂ ಕದಲುವುದಿಲ್ಲವಂತೆ. ಹತ್ತಿಗಿಂತ ಪಾಲಿಯೆಸ್ಟರಿನ ಮೇಲೆ ತಮಗೆ ಮೋಹ ಹೆಚ್ಚೆಂದು ತಿಳಿದ ದಿನವೇ ನನ್ನ ಒಂದೇ ಒಂದು ಒಳ್ಳೆಯ ಪ್ಯಾಂಟು ನೆಲ ಒರೆಸುವ ಬಟ್ಟೆಯಾಯಿತು. ಆದ್ದರಿಂದ ತಾವೆಲ್ಲ ದಯಮಾಡಿ ಸಭೆ ಸೇರಿ, ಒಂದೇ ವೇಳೆ ಗೊತ್ತುಮಾಡಿಕೊಂಡು, ನಾನು ಅಂಗಡಿಯ ಬಾಗಿಲೆಳೆಯುವಾಗ ಸಾಲಾಗಿ ಇಳಿದುಹೋಗಬೇಕೆಂದು ಬಿನ್ನಹ. ಮರಿಗಳು ಚಿಕ್ಕವು, ಇಳಿಯಲಾರವು ಎಂದರೆ ಅಳತೆ ಟೇಪನ್ನು ಇಳಿಬಿಟ್ಟು ಕೊಡುತ್ತೇನೆ. ಹೋಗುವ ಮುನ್ನ, ಈ ಮುದುಕನ ಅಂಗಿಯಲ್ಲಿ ನಾವು ಯಾರೂ ಇಲ್ಲ ಎಂದು ಅಳಿಯಂದಿರಿಗೆ ಒಂದು ಮಾತು ಹೇಳಿಹೋದರೆ ಬದುಕಿರುವತನಕ ಋಣಿ.

ಇಷ್ಟಕ್ಕೇ ಪತ್ರ ಮುಗಿಸುವವನಿದ್ದೆ. ಆದರೆ ನಿನ್ನೆ ಬಾಗಿಲಲ್ಲಿ ನಿಂತು ನೋಡಿದಾಗ ಹೊಟ್ಟೆ ಉರಿದುಹೋಯಿತು. ಮಗು ಹುಟ್ಟುವ ಮೊದಲು, ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಜೋಡಿಸಿ ನಾನೊಂದು ಹೊದಿಕೆ ಹೊಲಿದುಕೊಟ್ಟಿದ್ದೆ. ಅದಿಲ್ಲದೆ ಮಗು ಮಲಗುವುದಿಲ್ಲ. ಒಗೆದರೆ ವಾಸನೆ ಹೋಯಿತೆಂದು ರಂಪ ಮಾಡುತ್ತದೆಂದು ಮಗಳು ಒಗೆಯುವುದನ್ನೇ ಬಿಟ್ಟಿದ್ದಾಳೆ. ಬಸ್ ಡ್ರೈವರನ ಪ್ಯಾಂಟಿನ ಕಾಲು, ಮೀನು ಮಾರುವವನ ಅಂಗಿಯ ತೋಳು, ಸದಾ ಮೂಗು ಸೋರುವ ಮೇಷ್ಟರ ಕೋಟಿನ ಒಳಬಟ್ಟೆ, ಒಂದೊಂದನ್ನೂ ದೂರದಿಂದಲೇ ಗುರುತು ಹಿಡಿದೆ. ಮೊಮ್ಮಗಳು ಮೇಷ್ಟರ ಮೂಲೆಯನ್ನೇ ಬಾಯಿಗಿಟ್ಟು ಸುಖವಾಗಿ ಚೀಪುತ್ತಿದ್ದಳು. ಗುಂಡುಕಲ್ಲಿನ ಹಾಗಿದ್ದಾಳೆ. ತೊಳೆದುಕೊಂಡು ತೊಳೆದುಕೊಂಡು ನಾನು ಬಾಗಿಲಲ್ಲೇ ಉಳಿದೆ. ಮುಖವನ್ನೂ ತೊಳೆಯದ ತಾವು ನನಗಿಂತ ಮೊದಲೇ ಅವಳ ಮಗ್ಗುಲು ಸೇರಿದ್ದೀರಿ.

ಹಾಗಾಗಿ ತಾವು ಎಲ್ಲಿಗೂ ಹೊರಡುವುದು ಬೇಡ. ಅವಳಿಗೆ ತೊಂದರೆ ಕೊಡದೆ ಅಲ್ಲೇ ಇದ್ದುಕೊಂಡು, ಬಾಗಿಲಲ್ಲಿ ನಿಲ್ಲುವ ಆ ಮನುಷ್ಯ ನಿನ್ನ ಅಜ್ಜ ಎಂದು ಅವಳ ಕಿವಿಯಲ್ಲಿ ಹೇಳಿದರೆ ಸಾಕು.

ಕೈ ತೊಳೆದುಕೊಂಡು ಕಾಯುತ್ತಿರುವ
ತಮ್ಮ ವಿಶ್ವಾಸಿ,
ಕೆಳಗಿನ ಅಂಗಡಿಯ ದರ್ಜಿ

ಬರೆಯಲು ಮರೆತದ್ದು: ಎಲ್ಲವನ್ನೂ ಓದುವ ಅಳಿಯಂದಿರು ಇದನ್ನೂ ಓದುತ್ತಾರೆ; ಓದಿ, ಆ ಹೊದಿಕೆಯನ್ನು ಕಿತ್ತುಕೊಂಡು ಬಿಸಿನೀರಿಗೆ ಹಾಕುತ್ತಾರೆ. ಹಾಕಲಿ. ಅಂಗಡಿಯ ವಾಸನೆ ಬೇಕೆಂದು ಮಗು ಅಳತೊಡಗಿದಾಗ ಅದೇ ವಾಸನೆಯದು ಮನೆಯಲ್ಲಿ ಇನ್ನೊಂದೇ ಉಳಿದಿರುತ್ತದೆ. ಅದು ಬಾಗಿಲಲ್ಲಿ ನಿಂತಿರುತ್ತದೆ, ಮತ್ತು ಅಂದು ಸ್ನಾನ ಮಾಡಿರುವುದಿಲ್ಲ.