ಬೂಷ್ಟು ತಿಂದ ಹೊಸ್ತಿಲು

ಬಾಗಿಲು, ಹೊಸ್ತಿಲಿನ ಕಟ್ಟಿಗೆ ಮಾರುವ ಅಡ್ಡೆ ನಡೆಸುವವಳಿಗೆ ವಾರಕ್ಕೊಂದು ತಕರಾರು ತಪ್ಪಿದ್ದಲ್ಲ. ಕಟ್ಟಿಗೆ ಯಾಕೆ ಕೊಳೆಯುತ್ತದೆಂದು ನಾನಾಗಿಯೇ ಪುಸ್ತಕ ಓದಲು ಕಲಿತ ಮೇಲೆ ವಾರಕ್ಕೆ ಎರಡಾದವು.

ಹಲ್ಲಿಲ್ಲದವರು

ಕೊಂಕಲ್ ಎಂಬ ಹಳ್ಳಿಯ ಮುದುಕಿಯೊಬ್ಬಳು ಶಹಾಪುರದ ನನ್ನ ಅಡ್ಡೆಗೆ ಬಂದಳು. ಸೆರಗಿನಲ್ಲಿ ಕೂಸಿನಂತೆ ಸುತ್ತಿ ತಂದದ್ದು ನನ್ನಲ್ಲಿ ಕೊಂಡ ಹೊಸ್ತಿಲಿನ ಚೂರು. ಹತ್ತಿಯಂತೆ ಬೆಳ್ಳಗಾಗಿ ಎಳೆ ಎಳೆ ಬಿಟ್ಟಿತ್ತು.

"ನಿನ್ನ ಕಟ್ಟಿಗಿ ನನಗಿಂತ ಮೊದಲ ಮುದಿಯಾತಲ್ಲವ್ವ. ಹೊಸಾದು ಕೊಡ್ತಿಯೋ, ಊರೆಲ್ಲಾ ಹೇಳ್ಲ್ಯೋ?"

ಕೊಂಕಲ್ ಕೈಬಿಟ್ಟರೆ ನನ್ನ ವ್ಯಾಪಾರ ಅರ್ಧ ಹೋದಂತೆ. ಆದರೂ ತಪ್ಪು ನನ್ನ ಕಟ್ಟಿಗೆಯದಲ್ಲ ಎಂದು ಹಟ ಹಿಡಿದೆ.

"ಇದನ್ನ ಬೂಷ್ಟು ತಿಂದದ, ಆಯಿ. ಹಸಿ ಇದ್ದಲ್ಲಿ ಬರ್ತದ. ಮೊದಲ ರಸ ಬಿಡ್ತದ, ರಸ ಕಟ್ಟಿಗಿ ಕರಗಸ್ತದ, ಆಮ್ಯಾಲ ಹೀರ್ತದ."

"ಏನ್ ಹೇಳಾಕತ್ತಿ? ಮೊದಲ ಅರಗಿಸಿ, ಆಮ್ಯಾಲ ಉಣ್ತದ?"

"ಹೌದು."

"ನನಗೂ ಹಲ್ಲಿಲ್ಲ. ಆ ರಸ ಒಂದು ಬಾಟ್ಲಿ ಕೊಡು."

ಮುರಿದವರು ಯಾರು?

ಮತ್ತೆ ಪುಸ್ತಕ ತೆಗೆದೆ. ಮರದ ಎಳೆಗಳನ್ನು ಬಿಗಿಯಾಗಿ ಹಿಡಿದಿಡುವ ಪದಾರ್ಥ ಲಿಗ್ನಿನ್. ಬೂಷ್ಟಿನ ರಸದಲ್ಲಿರುವ ಕಿಣ್ವ ಅದನ್ನು ಕತ್ತರಿಸುವುದಿಲ್ಲವಂತೆ. ಅದರಿಂದ ಒಂದೇ ಒಂದು ಎಲೆಕ್ಟ್ರಾನ್ ಕಣ ಕಿತ್ತುಕೊಳ್ಳುತ್ತದೆ, ಆಮೇಲೆ ಲಿಗ್ನಿನ್ ತಾನೇ ಒಡೆದು ಬೀಳುತ್ತದೆ. ಉಳಿಯುವುದು ಬಿಳಿ ನಾರು. ಅಡ್ಡೆಯ ಬಡಿಗನಿಗೆ ಇದನ್ನು ಹೇಳಿದೆ.

ಅವನು ಉಳಿ ಕೆಳಗಿಟ್ಟ. "ತಾನ ಬಿತ್ತಂದ್ರ ಬೂಷ್ಟಿಂದೇನು ತಪ್ಪು, ಅಕ್ಕಾರ?"

"ಕಿತ್ತದ್ದು ಅದಲ್ಲೇನು?"

"ಒಂದ ಕಿತ್ತದ್ದಕ್ಕ ಬಿತ್ತಂದ್ರ, ನಿಮ್ಮ ಕಟ್ಟಿಗೀನ ಕಚ್ಚಾ ಇತ್ತು ಅನ್ರಿ."

ನನ್ನ ಬಡಿಗನೇ ಮುದುಕಿಯ ವಕೀಲನಾದ. ತಪ್ಪು ಯಾರದೆಂದು ಒಂದು ಗಳಿಗೆ ನನಗೂ ತಿಳಿಯದಾಯಿತು.

ಕಾಲುವೆ ಬಂದ ಮೇಲೆ

ಕೊಂಕಲ್ಲಿಗೇ ಹೋಗಿ ನೋಡಿದೆ. ಕಾಲುವೆ ಬರುವ ಮುಂಚೆ ಮುದುಕಿ ಹೊಸ್ತಿಲನ್ನು ಒದ್ದೆ ಅರಿವೆಯಲ್ಲಿ ಒರೆಸುತ್ತಿದ್ದಳಂತೆ. ಈಗ ಮನೆಯ ಹಿಂದೆಯೇ ನೀರು. ಮುಂಜಾನೆ, ಸಂಜೆ ಕೊಡಗಟ್ಟಲೆ ಸುರುವಿ, ಅರಿಷಿಣ ಬಳಿದು ಹೂವಿಡುತ್ತಾಳೆ. ಮೂಲೆಯಲ್ಲಿ ಅಣಬೆ ಎದ್ದಿತ್ತು. ಅದಕ್ಕೂ ಕುಂಕುಮ ಹಚ್ಚಿದ್ದಳು.

"ನೀರು ಕಡಿಮಿ ಹಾಕು, ಆಯಿ."

"ನಿನ್ನ ಕಟ್ಟಿಗಿ ಉಳಿಲಿ ಅಂತ ಲಕ್ಷ್ಮೀನ ಹೊರಗ ನಿಂದ್ರಸ್ಲೇನು?"

ಪಂಥ

ನನಗೆ ಹಟ ಏರಿತು. "ನಮ್ಮನಿ ಹೊಸ್ತಿಲೂ ಇದೇ ದಿಮ್ಮಿದು. ಬಂದು ನೋಡು. ಅದೂ ಕೊಳತಿದ್ರ ನಿನಗ ಹೊಸಾದು ಪುಕ್ಕಟ."

ಮುದುಕಿ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಶಹಾಪುರಕ್ಕೆ ಬಂದಳು. ನನ್ನ ಹೊಸ್ತಿಲನ್ನು ಕೋಲಿನಿಂದ ಬಡಿದಳು. ಕಲ್ಲಿನ ಸದ್ದು ಬಂತು. ಉಗುರಿನಿಂದ ಕೆರೆದಳು. ಒಂದು ಎಳೆಯೂ ಏಳಲಿಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ.

"ಕಟ್ಟಿಗಿದು ತಪ್ಪಿಲ್ಲ, ಖರೆ," ಎಂದು ಮುದುಕಿ ಒಪ್ಪಿಕೊಂಡಳು. ಆಮೇಲೆ ಹೆಂಗಸರ ಕಡೆ ತಿರುಗಿದಳು. "ಆದ್ರ ನೋಡ್ರವ್ವ, ಈಕಿ ಹೊಸ್ತಿಲಕ್ಕ ಒಂದಿನಾನೂ ನೀರ ತೋರ್ಸಿಲ್ಲ."

ಕೊಂಕಲ್ಲಿನವರು ಇವತ್ತಿಗೂ ಕಟ್ಟಿಗೆ ಒಯ್ಯುವುದು ನನ್ನ ಅಡ್ಡೆಯಿಂದಲೇ. ಹೊಸ್ತಿಲು ತೊಳೆಯದವಳ ಕೈಯ ನೀರು ಬೇಡವೆಂದು, ಕುಡಿಯುವ ನೀರು ಮಾತ್ರ ತಮ್ಮ ಮನೆಯಿಂದ ತರುತ್ತಾರೆ.