ಮಿಸ್ ಹಲ್ಲಿನ ಕ್ಲಿಪ್ ಬಿಚ್ಚಿದ್ದು

ಹಲ್ಲಿಗೆ ಕ್ಲಿಪ್ ಹಾಕುವ ದಿನ ಎಲ್ಲರೂ ಗಂಭೀರವಾಗಿರುತ್ತಾರೆ. ಫಜೀತಿಯೆಲ್ಲ ಬಿಚ್ಚುವ ದಿನವೇ. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು ಅಂತ ಬಸ್ಸಿನಲ್ಲಿ ಸುತ್ತುವ ಹಲ್ಲಿನ ಡಾಕ್ಟರು ನಾನು. ಸ್ಟೀಲಿನ ಕ್ಲಿಪ್ಪಾದರೆ ಇಕ್ಕಳಕ್ಕೆ ಬಗ್ಗಿ ಬಂದುಬಿಡುತ್ತದೆ. ಪಿಂಗಾಣಿಯದು ಬಗ್ಗುವ ಜಾತಿಯಲ್ಲ. ಅವಸರ ಮಾಡಿದರೆ ತಾನೂ ಒಡೆದು, ಹಲ್ಲಿನ ಹೊರಪದರ ಎನಾಮೆಲ್ಲಿನ ಚೂರನ್ನೂ ಕಿತ್ತುಕೊಂಡು ಹೋಗುತ್ತದೆ. ಆ ಪದರ ಮತ್ತೆ ಬೆಳೆಯುವುದಿಲ್ಲ.

ಈ ವರ್ಷ ನನ್ನ ನಿದ್ದೆ ಕೆಡಿಸಿದ್ದು ಜಗಳೂರಿನ ಒಂದೇ ಬಾಯಿ. ಮೂರನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಕಲಿಸಿದ ಮಿಸ್‌ದು. ಉಬ್ಬುಹಲ್ಲೆಂದು ಸರ್ವಿಸ್ ಪೂರ್ತಿ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕವರು. ರಿಟೈರಾಗುವ ದಿನದ ಗ್ರೂಪ್ ಫೋಟೋದಲ್ಲಾದರೂ ಬಾಯ್ತುಂಬ ನಗಬೇಕೆಂದು ಪಿಂಗಾಣಿ ಕ್ಲಿಪ್ ಹಾಕಿಸಿಕೊಂಡಿದ್ದರು. ಅವರ ಮುಂದಿನ ಒಂದು ಹಲ್ಲಿನಲ್ಲಿ ಕೂದಲೆಳೆಯಂಥ ಹಳೇ ಬಿರುಕಿತ್ತು. ಬಿಚ್ಚುವಾಗ ಅದು ಚೂರಾದರೆ ಅವರ ಫೋಟೋ ಹೋಯಿತು, ನನ್ನ ಮಾನವೂ ಹೋಯಿತು.

ಚನ್ನಗಿರಿಯ ಗ್ರೇಡು

ಅಡಿಕೆ ವ್ಯಾಪಾರಿಯೊಬ್ಬರು ಹೆಂಡತಿಯನ್ನು ಕರೆತಂದಿದ್ದರು. ಕ್ಲಿಪ್ ಬಿಚ್ಚಿ, ಉಳಿದ ಅಂಟನ್ನು ಒತ್ತದೆ ಸವರಿ ತೆಗೆದು, ಪಾಲಿಶ್ ಮಾಡಿ ಕನ್ನಡಿ ಕೊಟ್ಟೆ. ಆಕೆ ನೋಡಿಕೊಳ್ಳುವ ಮೊದಲೇ ಗಂಡ ಮೊಬೈಲ್ ಟಾರ್ಚ್ ಹಾಕಿ ಬಗ್ಗಿದರು. ಒಂದೊಂದೇ ಹಲ್ಲು ನೋಡಿ ಗ್ರೇಡು ಕೊಟ್ಟರು.

"ಮುಂದಿನ ಆರು ಸರಕು, ಮೇಡಂ. ಒಂದು ಗೀರೂ ಇಲ್ಲ. ಆಜುಬಾಜು ಬೆಟ್ಟೆ. ದವಡೇಲಿ ಮಾತ್ರ ಸ್ವಲ್ಪ ಗೊರಬಲು ಐತೆ."

ಅಡಿಕೆಯಲ್ಲಿ ಸರಕು ಎಲ್ಲಕ್ಕಿಂತ ಮೇಲು, ಬೆಟ್ಟೆ ನಡುವಿನದು, ಗೊರಬಲು ಎಲ್ಲಕ್ಕಿಂತ ಕೆಳಗೆ. ಹೆಂಡತಿ ಟಾರ್ಚ್ ಇಸಿದುಕೊಂಡು, ಎಲೆ-ಅಡಿಕೆಯಿಂದ ಕೆಂಪಾಗಿದ್ದ ಗಂಡನ ಬಾಯಿಗೆ ಬೆಳಕು ಬಿಟ್ಟರು.

"ಇದನ್ನ ಯಾವ ಮಂಡಿಯೋರೂ ಇಳಿಸಿಕೊಳ್ಳಲ್ಲ, ಮೇಡಂ."

ಹೊನ್ನಾಳಿಯ ಅಜ್ಜಿ

ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಮುಂದಿನ ವಾರ ಬಿಚ್ಚೋಣ ಎಂದಿದ್ದೆ. ಅಜ್ಜಿಗೆ ಅಷ್ಟು ತಾಳ್ಮೆ ಎಲ್ಲಿ? ಸುಣ್ಣದ ಡಬ್ಬಿಯಲ್ಲಿ ಒಂದು ಕ್ಲಿಪ್ ಹಾಕಿಕೊಂಡೇ ಬಂದರು. ತೆಗೆದದ್ದು ಅಡಕತ್ತರಿಯಲ್ಲಿ. ನನಗೆ ಮೈಯೆಲ್ಲ ಉರಿದು ಚೆನ್ನಾಗಿ ಬೈದೆ. ಆಮೇಲೆ ಜೊತೆಗೆ ಬಂದಿದ್ದ ಮೊಮ್ಮಗಳ ಹಲ್ಲು ನೋಡಿದರೆ ಒಂದು ಗೀರಿಲ್ಲ, ಕ್ಲಿಪ್ಪೂ ಇಡಿಯಾಗಿದೆ. ಹೇಗೆ ಮಾಡಿದಿರಿ ಎಂದು ಕೇಳಿದೆ.

"ಜಗ್ಗಲಿಲ್ಲ, ತಿರುವಲಿಲ್ಲ ಕಣವ್ವ. ಬುಡದಾಗೆ ಎರಡೂ ಕಡೆಯಿಂದ ಮೆಲ್ಲಗೆ ಅದುಮಿದೆ."

ನಾನು ಮೂರು ವರ್ಷ ಓದಿ ಕಲಿತದ್ದೂ ಅಷ್ಟೇ. ಆದರೂ ಬಿಟ್ಟುಕೊಡದೆ, ಪುಣ್ಯಕ್ಕೆ ಹಲ್ಲು ಉಳಿದಿದೆ, ಇನ್ನು ಮುಟ್ಟಕೂಡದು ಎಂದೆ. ಅಜ್ಜಿ ಒಪ್ಪಿದರು.

"ಆತು, ಉಳಿದವನ್ನ ನೀನೇ ತೆಗಿ. ನಿನ್ ಕೈಲಿ ಆಗದಿದ್ರೆ ಹೇಳು, ನಾ ಇಲ್ಲೇ ಕುಂತಿರ್ತೀನಿ."

ಕುಂತರು ಕೂಡ, ಅಡಕತ್ತರಿ ತೊಡೆಯ ಮೇಲಿಟ್ಟುಕೊಂಡು.

ನ್ಯಾಮತಿಯ ಟೈಲರು

ಕ್ಲಿಪ್ ಬಿಚ್ಚಿಸಿಕೊಳ್ಳಲು ಬಂದವರಲ್ಲಿ ಇವರೊಬ್ಬರೇ ನನ್ನ ಕಷ್ಟ ಅರಿತವರು. ಹೊಲಿಯುವುದಕ್ಕಿಂತ ಹೊಲಿಗೆ ಬಿಚ್ಚುವುದೇ ಕಷ್ಟ, ಬಟ್ಟೆಗೆ ಏನೂ ಆಗಬಾರದಲ್ಲ, ನಿಧಾನವಾಗಿ ಮಾಡಿ ಎಂದು ಸಮಾಧಾನ ಹೇಳಿದರು. ನಿಧಾನದ ಬೆಲೆ ಅವರಿಗೆ ಗೊತ್ತು. ಯುಗಾದಿಗೆಂದು ಕೊಟ್ಟ ನನ್ನ ರವಿಕೆ ದಸರಾ ಕಳೆದರೂ ಬಂದಿಲ್ಲ.

ಜಗಳೂರಿನ ಮಿಸ್

ಕೊನೆಗೂ ಆ ಗುರುವಾರ ಬಂತು. ಮಿಸ್ ಕುರ್ಚಿಯಲ್ಲಿ ಒರಗಿದರು. ಹಲ್ಲಿಗೆ ಆಸರೆಯಾಗಲೆಂದು ಹತ್ತಿಯ ಸುರುಳಿ ಕಚ್ಚಲು ಕೊಟ್ಟೆ. ನನ್ನ ಕೈ ನಡುಗುವುದು ಅವರಿಗೆ ಕಂಡುಬಿಟ್ಟಿತು. ಹತ್ತಿ ಹೊರಗೆ ತೆಗೆದರು.

"ಏಳರ ಮಗ್ಗಿ ಹೇಳ್ಕೊಂತ ಮಾಡು. ಕೈ ನಿಲ್ತೈತೆ."

ಶುರು ಮಾಡಿದೆ. ಒಂದೊಂದೇ ಕ್ಲಿಪ್ ಟಕ್ಕೆಂದು ಬಿಟ್ಟಿತು. ಬಿರುಕಿನ ಹಲ್ಲು ಬಂದಾಗ ಹೊನ್ನಾಳಿ ಅಜ್ಜಿಯನ್ನು ನೆನೆದು, ಬುಡದಲ್ಲಿ ಇಕ್ಕಳವಿಟ್ಟು ಮೆಲ್ಲಗೆ ಅದುಮುತ್ತ, ಏಳೆಂಟ್ಲಿ ಐವತ್ತನಾಲ್ಕು ಎಂದೆ. ಮಿಸ್ ಮತ್ತೆ ಕಚ್ಚಿಕೊಂಡಿದ್ದ ಹತ್ತಿ ಬಿಡದೆ ಎರಡೂ ಕೈ ಎತ್ತಿ ಮೊದಲು ಐದು ಬೆರಳು, ಆಮೇಲೆ ಆರು ಬೆರಳು ತೋರಿಸಿದರು. ತಿದ್ದಿಕೊಂಡು ಐವತ್ತಾರು ಎಂದೆ. ಟಕ್. ಹಲ್ಲು ಇದ್ದಂತೆಯೇ ಇತ್ತು. ನನಗೆ ಅಳುವೇ ಬಂತು. ಮಿಸ್ ಕನ್ನಡಿಯನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ಮುಂದಿನ ಗುರುವಾರ ಫೋಟೋ ಹಿಡಿದುಕೊಂಡು ಬಂದರು. ಮಕ್ಕಳೆಲ್ಲ ಹಲ್ಲು ಬಿಟ್ಟಿದ್ದಾರೆ, ಹೆಡ್‌ಮಾಸ್ತರೂ ಹಲ್ಲು ಬಿಟ್ಟಿದ್ದಾರೆ. ನಡುವೆ ನಮ್ಮ ಮಿಸ್, ಬಾಯಿಗೆ ಅಂಗೈ ಅಡ್ಡ.

ನಗು ಬಂದ ಕೂಡಲೇ ಕೈ ತಾನಾಗಿ ಮೇಲೆ ಹೋಯಿತಂತೆ. ಮಿಸ್ ಕುರ್ಚಿಯಲ್ಲಿ ಕೂತು ಬಲಗೈಯನ್ನು ನನ್ನ ಮುಂದೆ ಚಾಚಿದರು.

"ಹಲ್ಲು ಸರಿ ಆತು. ಇನ್ನು ಇದಕ್ಕೊಂದು ಕ್ಲಿಪ್ ಹಾಕು."