ಸಾಹೇಬರನ್ನು ದಾಟುವ ಈಜು

ಗುರುರಾಜ ಬಾಯಿ ಮುಚ್ಚಿಕೊಂಡು ಉಪ್ಪಿಟ್ಟು ತಿಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆಂಧ್ರದ ರಾಜಧಾನಿಯ ನಾಂಪಲ್ಲಿ ಕಚೇರಿ ಕ್ಯಾಂಟೀನಿನಲ್ಲಿ ಒಂದು ದಿನ ದತ್ತಾತ್ರೇಯ ಸಾಹೇಬರು, ಇಲಾಖೆಗಳ ನಡುವಿನ ಈಜು ಪಂದ್ಯದಲ್ಲಿ ನಮ್ಮವರು ವರ್ಷಾ ವರ್ಷಾ ಯಾಕೆ ಮುಳುಗುತ್ತಾರೆ ಎಂದು ಗೋಡೆಯನ್ನು ಕೇಳಿದಂತೆ ಕೇಳಿದರು. ಗೋಡೆ ಸುಮ್ಮನಿತ್ತು. ಪಕ್ಕದ ಮೇಜಿನಲ್ಲಿದ್ದ ಗುರುರಾಜ ಸುಮ್ಮನಿರಲಿಲ್ಲ. ತಯಾರಿ ಸರಿ ಇಲ್ಲ, ಅದಕ್ಕೇ ಹೀಗೆ ಎಂದುಬಿಟ್ಟ.

ಸಾಹೇಬರು ಚಹಾದ ಬಸಿ ಕೆಳಗಿಟ್ಟು ಅವನನ್ನೇ ನೋಡಿದರು. ಕಲಬುರ್ಗಿ ಕಾಲೇಜಿನಲ್ಲಿದ್ದಾಗ ಗುರುರಾಜ ಈಜಿನಲ್ಲಿ ಬಹುಮಾನ ಹೊಡೆದವನು ಎಂಬುದು ಅವರಿಗೆ ಗೊತ್ತಿತ್ತು. ಇನ್ನೊಂದು ವಿಷಯವೂ ಗೊತ್ತಿತ್ತು.

"ಗುರುರಾಜ, ನಿನ್ನ ಶ್ರೀಕಾಕುಳಂ ವರ್ಗಾವಣೆ ಆರ್ಡರ್ ನನ್ನ ಟೇಬಲ್ ಮ್ಯಾಲೆ ಅದ. ತಯಾರಿ ನೀನ ಮಾಡಸು. ಶೀಲ್ಡ್ ತಂದಿ, ಹರದು ಒಗೀತೀನಿ. ತರಲಿಲ್ಲ, ಗಂಟು ಕಟ್ಟು."

ಶ್ರೀಕಾಕುಳಂ ಎಂದರೆ ರಾಜ್ಯದ ಆ ತುದಿ. ಆ ಊರಿನ ಹೆಸರು ಮನೆಯಲ್ಲಿ ಎದ್ದ ದಿನವೇ ಹೆಂಡತಿ ಗೋದಾವರಿ ತೀರ್ಪು ಕೊಟ್ಟಾಗಿತ್ತು. ಕಾದೂ ಕಾದೂ ಕನ್ನಡ ಶಾಲೆಯಲ್ಲಿ ಅವಳ ಕೆಲಸ ಈಗಷ್ಟೇ ಪಕ್ಕಾ ಆಗಿದೆ, ಅದನ್ನು ಬಿಟ್ಟು ತಾನು ಎಲ್ಲಿಗೂ ಬರುವವಳಲ್ಲ, ಹೋಗುವವರು ಹೋಗಿ ಕೈಯಾರೆ ಬೇಯಿಸಿಕೊಂಡು ತಿನ್ನಲಿ. ಗುರುರಾಜ ಅನ್ನಕ್ಕಿಟ್ಟರೆ ತಳದಲ್ಲಿ ಇದ್ದಲಿ, ಮೇಲೆ ಅಕ್ಕಿ. ಹೆಂಡತಿಯನ್ನು ಬಿಟ್ಟಿರುವ ದುಃಖ ಒಂದು ಕಡೆ, ಆ ಅನ್ನವನ್ನು ತಾನೇ ತಿನ್ನಬೇಕಾದ ದುಃಖ ಇನ್ನೊಂದು ಕಡೆ.

ಅದಕ್ಕೇ ಅವನು ಜೀವ ಒತ್ತೆಯಿಟ್ಟವನ ಹಾಗೆ ತಯಾರಿಗೆ ಇಳಿದ. ಇಲಾಖೆಯ ಪರವಾಗಿ ಈಜಬೇಕಾದವನು ಸಾಹೇಬರ ಅಟೆಂಡರ್ ಮಲ್ಲಣ್ಣ, ಯಾದಗಿರಿ ಕಡೆಯ ಹುಡುಗ. ಬಾವಿಯಲ್ಲಿ ಈಜು ಕಲಿತವನು, ನೀರಿಗೆ ಬಿಟ್ಟರೆ ಮೀನುಗಳೇ ದಾರಿ ಬಿಡಬೇಕು. ಆದರೆ ದಮ್ಮು ಹಿಡಿಯುವುದು ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲೇ ಎಲ್ಲ ಖರ್ಚು ಮಾಡಿ, ಉಳಿದರ್ಧ ತಿಂಗಳ ಕೊನೆಯ ಗುಮಾಸ್ತನ ಹಾಗೆ ಏಗುತ್ತಿದ್ದ. ಗುರುರಾಜ ಅವನಿಗೆ ದಿನಾ ಬೆಳಗ್ಗೆ ಒಂದೊಂದು ಲೆಕ್ಕಾಚಾರದ ಈಜು ಕಟ್ಟಿಕೊಟ್ಟ. ಒಂದು ಸುತ್ತು ಬಿರುಸು, ಒಂದು ಸುತ್ತು ಕೈಕಾಲು ಸಡಿಲ, ಆಮೇಲೆ ದಂಡೆಯ ಮೇಲೆ ಕೂತು ಉಸಿರು. ಒಂದು ದಿನ ಬರೀ ಕಾಲು ಬಡಿಯುವುದು, ಮರುದಿನ ಬರೀ ನೆಗೆತ. ಪಂದ್ಯ ಹತ್ತಿರ ಬಂದಂತೆ ಕೆಲಸ ಕಡಿಮೆ, ನಿದ್ದೆ ಜಾಸ್ತಿ. ಮಾವಿನಕಾಯಿಯನ್ನು ಹುಲ್ಲಲ್ಲಿಟ್ಟು ಸುಮ್ಮನೆ ಬಿಡಬೇಕು, ದಿನಾ ಹಿಚುಕಿ ನೋಡಿದರೆ ಹಣ್ಣಾಗುವುದಿಲ್ಲ, ಕೊಳೆಯುತ್ತದೆ ಎಂಬುದು ಅವನ ಸಿದ್ಧಾಂತ. ಮಲ್ಲಣ್ಣನೂ ಹಣ್ಣಾಗುತ್ತಾ ಬಂದ.

ಪಂದ್ಯದ ದಿನ ಬೆಳಗಾಯಿತು. ಪಂದ್ಯ ಸಂಜೆಗೆ. ಬೆಳಗ್ಗೆ ಎರಡು ಹಗುರ ಸುತ್ತು, ಎರಡು ನೆಗೆತ, ಆಮೇಲೆ ಮನೆಗೆ ಹೋಗಿ ಮಲಗುವುದು. ಗುರುರಾಜ ಹಾಕಿಕೊಂಡಿದ್ದ ಯೋಜನೆ ಇಷ್ಟೇ. ಆದರೆ ಕೊಳದ ಹತ್ತಿರ ಬಂದು ನೋಡಿದರೆ ಅಲ್ಲಿ ಪಟ್ಟೆಪಟ್ಟೆ ಚಡ್ಡಿಯಲ್ಲಿ ಸಾಕ್ಷಾತ್ ದತ್ತಾತ್ರೇಯ ಸಾಹೇಬರು ನಿಂತಿದ್ದಾರೆ. ಪಕ್ಕದಲ್ಲಿ ಹೆಡ್ ಕ್ಲರ್ಕ್ ರಾಮಕೃಷ್ಣ ಛತ್ರಿ ಹಿಡಿದಿದ್ದಾನೆ.

ಒಂದೊಂದು ಇಲಾಖೆಯಿಂದ ಇಬ್ಬರು ಈಜಬೇಕೆಂದು ನಿಯಮ. ಎರಡನೆಯವನಾಗಿದ್ದ ಅಮರೇಶಪ್ಪನಿಗೆ ರಾತ್ರಿ ಜ್ವರ ಬಂದಿತ್ತು. ಅವನ ಜಾಗಕ್ಕೆ ತಾವೇ ಇಳಿಯುವುದೆಂದು ಸಾಹೇಬರು ತೀರ್ಮಾನ ಮಾಡಿದ್ದರು. ಗೆಲ್ಲುವವನು ಒಬ್ಬ ಸಾಕು, ಇವರು ತಮ್ಮ ಪಾಡಿಗೆ ತೇಲಲಿ ಎಂದುಕೊಂಡು ಗುರುರಾಜ ಧೈರ್ಯ ತಂದುಕೊಂಡ.

ಸಾಹೇಬರು ನೀರಿಗೆ ಬಿದ್ದಾಗ ಕೊಳದ ಅರ್ಧ ನೀರು ರಾಮಕೃಷ್ಣನ ಮೇಲೆ ಬಂತು. ಛತ್ರಿ ಹಿಡಿದಿದ್ದೂ ಸಾರ್ಥಕವಾಯಿತು. ಹೋಳಿಗೆಗೆ ಕಣಕ ನಾದಿದ ಹಾಗೆ ನೀರನ್ನು ನಾದುತ್ತಾ, ಹೋದಷ್ಟೇ ಹಿಂದೆ ಬರುತ್ತಾ, ಅವರು ಹೊರಟರು. ಅವರು ನಡುವಿಗೆ ಹೋಗುವವರೆಗೆ ಕಾದು ಗುರುರಾಜ ಮಲ್ಲಣ್ಣನನ್ನು ಬಿಟ್ಟ. ಬಾಣದ ಹಾಗೆ ಹೋದ ಮಲ್ಲಣ್ಣ ಸಾಹೇಬರ ಹಿಮ್ಮಡಿ ಕಂಡದ್ದೇ ತಡ, ಗಕ್ಕನೆ ನಿಂತ. ಬಾಗಿಲ ಹೊರಗೆ ಗಂಟೆಗೆ ಕಾಯುವವನ ಹಾಗೆ ಅಲ್ಲೇ ಕೈಕಾಲು ಆಡಿಸುತ್ತಾ ಅವರ ಹಿಂದೆಯೇ ಹೋದ.

ಗುರುರಾಜ ಅವನನ್ನು ಮೂಲೆಗೆ ಕರೆದು ಗದರಿದ.

"ಯಾಕೋ, ಯಾಕ ನಿಂತಿ?"

"ಸಾಹೇಬ್ರನ್ನ ದಾಟಿ ಹ್ಯಾಂಗ ಹೋಗ್ಲಿರಿ ರಾಯರ?"

"ಇದು ಪಂದ್ಯ ಅದನೋ ಮಾರಾಯಾ. ಆಫೀಸ್ ಅಲ್ಲ."

"ನೀರಾಗಿದ್ರೂ ಸಾಹೇಬ್ರು ಸಾಹೇಬ್ರ ಅಲ್ಲೇನ್ರಿ."

ಗುರುರಾಜ ಇಬ್ಬರನ್ನೂ ಬೇರೆ ಬೇರೆ ಸಾಲಿನಲ್ಲಿ ಬಿಟ್ಟ. ಮಲ್ಲಣ್ಣ ಉಸಿರಿಗೆಂದು ಬಲಕ್ಕೆ ಮುಖ ತಿರುಗಿಸಿದಾಗಲೆಲ್ಲ ಸಾಹೇಬರು ಎಲ್ಲಿದ್ದಾರೆಂದು ನೋಡುತ್ತಿದ್ದ, ನೋಡಿ ಒಂದು ಮೊಳ ಹಿಂದೆ ಉಳಿಯುತ್ತಿದ್ದ. ಎಡಕ್ಕೆ ಉಸಿರು ತಗೋ ಎಂದರೆ, ಸಾಹೇಬರು ಕಾಣದೆ ಗಾಬರಿಯಾಗಿ ನಡುನೀರಿನಲ್ಲಿ ನಿಂತು ಅವರು ಮುಳುಗಿದರೋ ಏನೋ ಎಂದು ಹುಡುಕಿದ. ಕೊನೆಗೆ ಗುರುರಾಜ ಸಾಹೇಬರ ಹತ್ತಿರವೇ ಹೋಗಿ, ನನ್ನನ್ನು ದಾಟಿ ಹೋಗು ಎಂದು ತಾವೇ ಒಂದು ಮಾತು ಅವನಿಗೆ ಹೇಳಿಬಿಡಿ ಎಂದು ಕೈ ಮುಗಿದ.

ಸಾಹೇಬರ ಮುಖ ಕೆಂಪಾಯಿತು. "ನಾ ಏನ್ ಅವನ ಕಾಲ ಹಿಡಕೊಂಡೀನೇನು? ಅವನ ತಾಕತ್ತು ಇಷ್ಟ ಅದ. ನಾ ಮುಂದಿದ್ದೀನಿ, ಅಂವ ಹಿಂದಿದ್ದಾನ. ನೀ ಒಂದು ತಿಂಗಳು ಏನ್ ತಯಾರಿ ಮಾಡ್ಸಿದಿಯೋ ಆ ದೇವರಿಗೇ ಗೊತ್ತು."

ಈ ಸಿಟ್ಟಿಗೆ ಸೀಮೆಎಣ್ಣೆ ಸುರಿಯಲು ರಾಮಕೃಷ್ಣ ತಯಾರಾಗಿಯೇ ಇದ್ದ. ಈ ಹುಡುಗ ದಿನಾ ಅರ್ಧ ಹೊತ್ತು ದಂಡೆಯ ಮೇಲೆ ಕೂತೇ ಇರುತ್ತಾನೆಂದು ತನಗೆ ಮೊದಲೇ ಸುದ್ದಿ ಬಂದಿದೆ, ಕಚೇರಿಯಲ್ಲಿ ಹೀಗೆ ಕೂತರೆ ಮೆಮೊ ಕೊಡುತ್ತೇವೆ, ನೀರಿನಲ್ಲಿ ಬೆವರು ಕಾಣುವುದಿಲ್ಲವೆಂದು ಇವರು ಸರ್ಕಾರದ ಕಣ್ಣಿಗೇ ಮಣ್ಣೆರಚುತ್ತಿದ್ದಾರೆ ಎಂದ. ಕೂರುವುದೂ ತಯಾರಿಯೇ, ಪಂದ್ಯದ ದಿನ ದಣಿಸಬಾರದು ಎಂದು ಗುರುರಾಜ ಗಂಟಲು ಹರಿದುಕೊಂಡ. ಯಾರು ಕೇಳಬೇಕು. ಸಾಹೇಬರ ಅಪ್ಪಣೆಯಾಯಿತು. ಬಿಸಿಲು ಏರುವವರೆಗೆ ಮಲ್ಲಣ್ಣ ಗಾಣದೆತ್ತಿನ ಹಾಗೆ ಕೊಳ ಸುತ್ತಿದ. ದಂಡೆಗೆ ಕೈ ಹಚ್ಚಿದರೆ ರಾಮಕೃಷ್ಣ ಛತ್ರಿಯ ತುದಿಯಿಂದ ಮತ್ತೆ ಒಳಗೆ ನೂಕುತ್ತಿದ್ದ.

ಕೊಳದಿಂದ ಎದ್ದ ಹುಡುಗನನ್ನು ಗುರುರಾಜ ಡಬಲ್ ಡೆಕ್ಕರ್ ಬಸ್ಸಿನಲ್ಲಿ ತನ್ನ ಮನೆಗೇ ಕರೆದುಕೊಂಡು ಹೋದ. ಒಂದಿಷ್ಟು ಬಾಳೆಹಣ್ಣು ತಿನ್ನಿಸಿ ಮಲಗಿಸಿದರೆ ಇನ್ನೂ ಕಾಲ ಮಿಂಚಿಲ್ಲ ಎಂಬ ಆಸೆ. ಹಣ್ಣು ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಉಮಾಬಾಯಿ ಹುಡುಗನ ಸೊರಗಿದ ಮುಖ ನೋಡಿ ಕರಗಿಹೋಗಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗುರೆಳ್ಳು ಪುಡಿ, ಮೇಲೆ ಶೇಂಗಾ ಹೋಳಿಗೆ, ತುಪ್ಪ. ಮಲ್ಲಣ್ಣ ಯಾರಿಗೂ ಇಲ್ಲ ಎನ್ನುವವನಲ್ಲ. ಗುರುರಾಜ ಬಂದಾಗ ಅವನ ಹೊಟ್ಟೆ ತಮಟೆಯ ಹಾಗಾಗಿತ್ತು.

"ಬಾಯಾರ, ಇಂವ ಸಂಜಿಗೆ ಈಜಬೇಕ್ರಿ," ಎಂದು ಗುರುರಾಜ ಅಳುವ ದನಿಯಲ್ಲಿ ಹೇಳಿದ.

"ಅದಕ್ಕ ಹಾಕೀನಪಾ. ಖಾಲಿ ಹೊಟ್ಟಿಲೆ ನೀರಿಗೆ ಇಳದ್ರ ವಾಯು ಹಿಡೀತದ. ನೀ ಎಲ್ಲಾ ಬಲ್ಲಾಂವ, ಇಷ್ಟು ತಿಳೀಲಿಲ್ಲೇನು?"

ಗೋದಾವರಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಒಳಗೆ ಹೋಗಿ, ಅಟ್ಟದ ಮೇಲಿನ ಸಣ್ಣ ಕುಕ್ಕರ್ ಕೆಳಗಿಳಿಸಿ, ಒಬ್ಬರಿಗೆ ಸಾಕಾಗುತ್ತದೆ ಎಂದು ಮಾತ್ರ ಹೇಳಿ ಒರೆಸತೊಡಗಿದಳು. ಆ ಕುಕ್ಕರ್ ಕಂಡದ್ದೇ ಗುರುರಾಜನ ಎದೆ ಸೀಟಿ ಹೊಡೆಯಿತು.

ಮಲ್ಲಣ್ಣನನ್ನು ಚಾಪೆಯ ಮೇಲೆ ಉರುಳಿಸಿ ಕದ ಹಾಕುವಷ್ಟರಲ್ಲಿ ರಾಮಕೃಷ್ಣನ ಸ್ಕೂಟರ್ ಬಂತು. ಸಾಹೇಬರು ಕಚೇರಿಗೆ ಬಂದಿದ್ದಾರೆ, ಅಟೆಂಡರ್ ಇಲ್ಲದೆ ಅವರಿಗೆ ಫೈಲೂ ಸಿಗುತ್ತಿಲ್ಲ, ನೀರೂ ಸಿಗುತ್ತಿಲ್ಲ, ಮಲ್ಲಣ್ಣ ಈಗಿಂದೀಗ ಬರಬೇಕು. ಪಂದ್ಯದ ದಿನ ಈಜುವವನಿಗೆ ರಜೆ ಇಲ್ಲವೇ ಎಂದು ಗುರುರಾಜ ಕೂಗಾಡಿದ. ಈಜುವ ಸಾಹೇಬರೇ ರಜೆ ಹಾಕಿಲ್ಲ, ಅಟೆಂಡರಿಗೆ ಎಂಥ ರಜೆ ಎಂದ ರಾಮಕೃಷ್ಣ. ಮಲ್ಲಣ್ಣ ಸ್ಕೂಟರಿನ ಹಿಂದೆ ಕೂತು ಹೋದ. ಗುರುರಾಜ ಹಲ್ಲು ಕಡಿಯುತ್ತಾ ಬಸ್ಸು ಹಿಡಿದ.

ಕಚೇರಿಯ ಉದ್ದನೆಯ ವರಾಂಡದಲ್ಲಿ ಬೆಂಚಿನ ಮೇಲೆ ಕೂತು ಅವನು ಜಗತ್ತಿಗೆಲ್ಲ ಶಾಪ ಹಾಕುತ್ತಿದ್ದ. ತಿಂಗಳಿಡೀ ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದ್ದನ್ನು ಒಂದೇ ಬೆಳಗಿನಲ್ಲಿ ಒಬ್ಬ ಛತ್ರಿಯಿಂದ, ಒಬ್ಬಳು ಹೋಳಿಗೆಯಿಂದ ಕೆಡವಿದರಲ್ಲ. ಅಷ್ಟರಲ್ಲಿ ಸಾಹೇಬರು ಕೋಣೆಯಿಂದ ಹೊರಬಿದ್ದು ವರಾಂಡದ ಆ ತುದಿಯ ಮೀಟಿಂಗ್ ಹಾಲಿನ ಕಡೆ ದಾಪುಗಾಲು ಹಾಕಿದರು. ಅವರ ಹಿಂದಿದ್ದ ಮಲ್ಲಣ್ಣ, ಅಷ್ಟು ತಿಂದು ಅಷ್ಟು ದಣಿದಿದ್ದ ಮಲ್ಲಣ್ಣ, ಗೋಡೆಯ ಬದಿಯಿಂದ ಸರ್ರನೆ ನುಗ್ಗಿ ಸಾಹೇಬರನ್ನು ದಾಟಿ, ಓಡಿ ಹೋಗಿ ಹಾಲಿನ ಬಾಗಿಲು ತೆರೆದು ಹಿಡಿದು ನಿಂತ.

ಗುರುರಾಜ ಬೆಂಚಿನಿಂದ ಎದ್ದುಬಿಟ್ಟ. ಇವನು ಸಾಹೇಬರನ್ನು ದಾಟುವುದಿಲ್ಲವೆಂದು ಯಾರು ಹೇಳಿದ್ದು? ದಿನಾ ದಾಟುತ್ತಾನೆ. ಬಾಗಿಲು ತೆಗೆಯಲು ದಾಟುತ್ತಾನೆ, ಕುರ್ಚಿ ಎಳೆಯಲು ದಾಟುತ್ತಾನೆ, ಜೀಪಿನ ಬಾಗಿಲಿಗೆ ದಾಟುತ್ತಾನೆ. ಸಾಹೇಬರಿಗಿಂತ ಮುಂದೆ ಹೋಗುವುದು ತಪ್ಪು. ಸಾಹೇಬರು ಮುಟ್ಟುವ ಮೊದಲೇ ಅಲ್ಲಿರದಿದ್ದರೆ ಅದಕ್ಕಿಂತ ದೊಡ್ಡ ತಪ್ಪು.

ಸಂಜೆ ಕೊಳದ ಸುತ್ತ ಎಲ್ಲ ಇಲಾಖೆಯವರು ನೆರೆದಿದ್ದರು. ಶಾಮಿಯಾನದ ಕೆಳಗೆ ಈ ಎಲ್ಲ ಇಲಾಖೆಗಳ ಮೇಲಿನ ದೊಡ್ಡ ಸಾಹೇಬರೊಬ್ಬರು ಮುಖ್ಯ ಅತಿಥಿಯಾಗಿ ಕೂತಿದ್ದರು. ದತ್ತಾತ್ರೇಯ ಸಾಹೇಬರಂಥ ಹತ್ತು ಜನರ ಹಣೆಬರಹ ಅವರ ಜೇಬಿನ ಪೆನ್ನಿನಲ್ಲಿ. ಗೋದಾವರಿಯೂ ಉಮಾಬಾಯಿಯೂ ಹಿಂದಿನ ಸಾಲಿನಲ್ಲಿದ್ದರು. ಪಂದ್ಯ ಒಂದೇ ಉದ್ದ, ಈ ದಂಡೆಯಿಂದ ಆ ದಂಡೆಗೆ. ಮೂರು ವರ್ಷದಿಂದ ಶೀಲ್ಡ್ ಹೊಡೆಯುತ್ತಿದ್ದ ಇನ್ನೊಂದು ಇಲಾಖೆಯ ಉದ್ದನೆಯ ಆಳು ತೋಳು ತಿರುಗಿಸುತ್ತಾ ನಿಂತಿದ್ದ.

ಗುರುರಾಜ ಮಲ್ಲಣ್ಣನ ಕಿವಿಯಲ್ಲಿ ಹೇಳಿದ. "ಸಾಹೇಬ್ರ ಟವೆಲ್ ಆ ದಂಡಿ ಮ್ಯಾಲೆ ಇಟ್ಟೀನಿ. ದೊಡ್ಡ ಸಾಹೇಬ್ರು ಕೂತಾರ. ನಮ್ಮ ಸಾಹೇಬ್ರು ನೀರಿಂದ ತಲಿ ಎತ್ತಿದಾಗ ಟವೆಲ್ ಹಿಡಕೊಂಡು ಯಾರೂ ಇರಲಿಲ್ಲಂದ್ರ ಮರ್ಯಾದಿ ಏನಾಗ್ತದ ನೋಡು."

ಮಲ್ಲಣ್ಣನ ಮುಖ ಬಿಳಿಚಿತು. "ಇದನ್ನ ಮುಂಜಾನೆ ಹೇಳಬಾರ್ದೇನ್ರಿ ರಾಯರ?"

ಸೀಟಿ ಊದಿದರು. ಆಮೇಲೆ ಆದದ್ದನ್ನು ನೋಡಿದವರು ಇವತ್ತಿಗೂ ಒಬ್ಬರಿಗಿಂತ ಒಬ್ಬರು ಹೆಚ್ಚಿಸಿ ಹೇಳುತ್ತಾರೆ. ಮಲ್ಲಣ್ಣನ ಎರಡೂ ಬದಿಗೆ ನೀರು ಬೈತಲೆ ತೆಗೆದ ಹಾಗೆ ಸೀಳಿತಂತೆ. ಹೋಳಿಗೆ, ರೊಟ್ಟಿ, ಬೆಳಗಿನ ಗಾಣ ಯಾವುದೂ ಅವನನ್ನು ಹಿಡಿಯಲಿಲ್ಲ. ಉದ್ದನೆಯ ಆಳು ಇನ್ನೂ ಬರುತ್ತಿದ್ದಾಗಲೇ ಮಲ್ಲಣ್ಣ ದಂಡೆ ಮುಟ್ಟಿ, ಜಿಗಿದು ಮೇಲೆ ಹತ್ತಿ, ಟವೆಲ್ ಬಿಚ್ಚಿ ನಿಂತಿದ್ದ. ಜನ ಚಪ್ಪಾಳೆ ತಟ್ಟಿದರೂ ಅವನಿಗೆ ಪರಿವೆಯಿಲ್ಲ. ಎಲ್ಲರೂ ಮುಟ್ಟಿದರು, ಒರೆಸಿಕೊಂಡರು, ಚಹಾ ಕುಡಿದರು. ಆಮೇಲೆ ಸಾಹೇಬರು ಬಂದರು. ಮಲ್ಲಣ್ಣ ಬಾಗಿ ಟವೆಲ್ ಹೊದಿಸಿದ.

ಶೀಲ್ಡ್ ಬಂತು. ದತ್ತಾತ್ರೇಯ ಸಾಹೇಬರು ಮಾತಿಗೆ ತಪ್ಪುವವರಲ್ಲ. ಅಲ್ಲೇ, ಎಲ್ಲರೆದುರು, ಬ್ಯಾಗಿನಿಂದ ವರ್ಗಾವಣೆಯ ಆರ್ಡರ್ ತೆಗೆದು ಪರ್ರನೆ ಹರಿದರು. ಗುರುರಾಜ ಹಿಂದಿನ ಸಾಲಿನತ್ತ ನೋಡಿದ. ಗೋದಾವರಿ ನಗುತ್ತಿದ್ದಳು. ಇಷ್ಟು ಜನ ಕೆಡಿಸಿದರೂ ಕೆಡದ ತಯಾರಿ ಎಂದು ಅವನ ಎದೆ ಒಂದು ಗೇಣು ಉಬ್ಬಿತು.

ಅಷ್ಟರಲ್ಲಿ ದೊಡ್ಡ ಸಾಹೇಬರು ದತ್ತಾತ್ರೇಯ ಸಾಹೇಬರನ್ನು ಶಾಮಿಯಾನದೊಳಗೆ ಕರೆದರು. ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಸಾಹೇಬರ ಮುಖ ಹಾಲಿನ ಪಾತ್ರೆಯ ಹಾಗೆ ಉಕ್ಕುತ್ತಿತ್ತು. ನೇರ ಬಂದು ಗುರುರಾಜನ ಹೆಗಲ ಮೇಲೆ ಒದ್ದೆ ಕೈ ಹಾಕಿದರು.

"ದೊಡ್ಡ ಸಾಹೇಬ್ರು ಏನಂದ್ರು ಗೊತ್ತದ ಏನು? ನಾ ಮೂವತ್ತು ವರ್ಷ ಸರ್ವಿಸ್ ಮಾಡೀನಿ, ಪಂದ್ಯ ಗೆದ್ದೂ ಸಾಹೇಬ್ರ ಟವೆಲ್ ಮರೀದ ಅಟೆಂಡರ್ ನೋಡಿಲ್ಲ ಅಂದ್ರು. ಇಂಥಾ ಶಿಸ್ತು ಕಲಿಸೋ ಆಫೀಸರ್ ಬೇಕಾಗಿತ್ತು ಅಂತ. ನನಗ ಪ್ರಮೋಷನ್ ಕೊಟ್ಟು ಜಿಲ್ಲೆಗೆ ಕಳಸಾಕತ್ತಾರ."

ಗುರುರಾಜ ಮನಸಾರೆ ಕೈ ಮುಗಿದ. ಯಾವ ಜಿಲ್ಲೆ ಎಂದು ಬಾಯಿ ತಪ್ಪಿ ಕೇಳಿದ.

"ಶ್ರೀಕಾಕುಳಂ. ನನ್ನ ಜೋಡಿ ಒಬ್ಬರನ್ನ ಕರಕೊಂಡು ಹೋಗ್ಲಿಕ್ಕೆ ಪರವಾನಗಿ ಕೊಟ್ಟಾರ. ನಾ ನಿನ್ನ ಹೆಸರು ಹೇಳಿಬಿಟ್ಟೆ."

"ನಾ ಯಾಕ್ರಿ ಸಾಹೇಬ್ರ," ಎಂದ ಗುರುರಾಜ. "ಮಲ್ಲಣ್ಣನ್ನ ಕರಕೊಂಡು ಹೋಗ್ರಿ."

"ಅಂವ ಕಲತಾನಲ್ಲೋ. ನನಗ ಇನ್ನೂ ಸ್ವಲ್ಪ ಕಲೀಬೇಕಾಗ್ಯದ. ಇವತ್ತ ಅವನ್ನ ಹಿಡದಬಿಡ್ತಿದ್ದೆ, ಒಂದೀಟ ತಪ್ಪಿತು. ಅಲ್ಲಿ ಕಡಲ ಅದ. ದಿನಾ ಮುಂಜಾನೆ ನೀ ಹೇಳಿಕೊಡು, ನಾ ಈಜತೀನಿ."

ಗುರುರಾಜ ಕಾಲಿಗೆ ಬೀಳುವುದೊಂದು ಬಾಕಿ. ಮನೆ, ಹೆಂಡತಿಯ ಕೆಲಸ, ತನ್ನ ಹೊಟ್ಟೆ, ಎಲ್ಲ ಹೇಳಿಕೊಂಡ. ಈಗಷ್ಟೇ ವರ್ಗಾವಣೆ ಹರಿದು ಹಾಕಿದಿರಲ್ಲ ಎಂದ.

ಸಾಹೇಬರು ಅವನ ಬೆನ್ನು ತಟ್ಟಿದರು. "ಹುಚ್ಚಪ್ಪಾ, ಅದು ವರ್ಗಾವಣೆ ಇತ್ತು, ಅದಕ್ಕ ಹರದೆ. ಇದು ನಾ ಪ್ರೀತಿಲೆ ಕೇಳಿ ಹಾಕಿಸಿದ್ದು. ಇದನ್ನ ಹರಿಯಾಂವ ಈ ಆಂಧ್ರದಾಗ ಯಾರೂ ಇಲ್ಲ."